ತಗಡಿನ ಕಾರ್ಖಾನೆಯಿಂದ ಬಂದ ಗಿಟಾರ್

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಧ್ವನಿ ತುಣುಕುಗಳನ್ನು ಕೇಳಿಸಿದ ಜಾಗದಲ್ಲಿ ಇಲ್ಲಿ ಹಾಡಿನ ಹೆಸರು ಮಾತ್ರ ಉಳಿದಿದೆ.)

ಎಲ್ಲರಿಗೂ ನಮಸ್ಕಾರ.

ಬ್ರಿಟನ್ನಿನ ಗಿಟಾರ್ ವಾದಕರ ಮಾತು ಬಂದರೆ ನಮ್ಮ ಸಭೆಗಳಲ್ಲಿ ಮೊದಲು ಕೇಳಿಬರುವ ಹೆಸರು ಜಾರ್ಜ್ ಹ್ಯಾರಿಸನ್. ಆತ ಪಂಡಿತ್ ರವಿಶಂಕರ್ ಅವರ ಬಳಿ ಸಿತಾರ್ ಕಲಿತ, ಋಷಿಕೇಶಕ್ಕೆ ಬಂದ, ನಮ್ಮವನೇ ಆಗಿಬಿಟ್ಟ. ಸ್ವಲ್ಪ ಹೆಚ್ಚು ಕೇಳಿಕೊಂಡವರು ಎರಿಕ್ ಕ್ಲ್ಯಾಪ್ಟನ್ ಎನ್ನುತ್ತಾರೆ, ಜಿಮ್ಮಿ ಪೇಜ್ ಎನ್ನುತ್ತಾರೆ. ನಾನು ಇವತ್ತು ಆರಿಸಿಕೊಂಡಿರುವವನಿಗೂ ಭಾರತಕ್ಕೂ ಅಂಥ ನಂಟೇನೂ ಇಲ್ಲ. ಬರ್ಮಿಂಗ್‌ಹ್ಯಾಂ ನಗರದ ಟೋನಿ ಅಯೋಮಿ, ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ. ಎಪ್ಪತ್ತೈದು ದಾಟಿದ ಹಿರಿಯರನ್ನು ಏಕವಚನದಲ್ಲಿ ಕರೆಯುತ್ತಿದ್ದಾನಲ್ಲ ಎಂದುಕೊಳ್ಳಬೇಡಿ, ಇದು ಅಭಿಮಾನಿಯ ಸಲಿಗೆ.

ಈತನ ಬಗ್ಗೆ ಒಂದು ಕಥೆ ಎಲ್ಲೆಡೆ ಓಡಾಡುತ್ತಿದೆ. ಕಾರ್ಖಾನೆಯಲ್ಲಿ ಬೆರಳು ಹೋಯಿತು, ಹಾಗಾಗಿ ಗಿಟಾರಿನ ತಂತಿ ಸಡಿಲಿಸಿದ, ಹಾಗಾಗಿ ಹೆವಿ ಮೆಟಲ್ ಎಂಬ ಅಬ್ಬರದ, ಭಾರದ ರಾಕ್ ಸಂಗೀತ ಹುಟ್ಟಿತು. ಮೂರು ವಾಕ್ಯದಲ್ಲಿ ಮುಗಿಯುವ ಈ ಕಥೆ ಕೇಳಲು ಚೆಂದ. ಅಪಘಾತ ನಿಜ, ತಂತಿ ಸಡಿಲಿಸಿದ್ದೂ ನಿಜ. ನನ್ನ ತಕರಾರು ಇರುವುದು ನಡುವೆ ಬರುವ ಆ 'ಹಾಗಾಗಿ'ಗಳ ಮೇಲೆ. ಅಪಘಾತ ಬೆರಳ ತುದಿಗಳನ್ನು ಕಿತ್ತುಕೊಂಡಿತು, ಅಷ್ಟೆ. ಆಮೇಲೆ ನಡೆದದ್ದೆಲ್ಲ ಒಬ್ಬ ಕಸುಬುದಾರ ತನ್ನ ಹತಾರಗಳನ್ನು ಒಂದೊಂದಾಗಿ ಬದಲಿಸಿಕೊಂಡ ಕೆಲಸ, ಅದಕ್ಕೆ ವರ್ಷಗಟ್ಟಲೆ ಹಿಡಿಯಿತು.

ಫ್ರಾಂಕ್ ಆಂಥನಿ ಅಯೋಮಿ ಹುಟ್ಟಿದ್ದು 1948ರ ಫೆಬ್ರುವರಿ 19ರಂದು, ಬರ್ಮಿಂಗ್‌ಹ್ಯಾಂನ ಹ್ಯಾಂಡ್ಸ್‌ವರ್ತ್‌ನಲ್ಲಿ. ಇಟಲಿ ಮೂಲದ ಕುಟುಂಬ, ಒಬ್ಬನೇ ಮಗ. ಬೆಳೆದದ್ದು ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದ ಖಾಲಿ ಜಾಗಗಳು ಆ ಮಕ್ಕಳ ಆಟದ ಬಯಲುಗಳಾಗಿದ್ದವು. ಅಪ್ಪನ ಕಡೆಯವರೆಲ್ಲ ಅಕಾರ್ಡಿಯನ್ ನುಡಿಸುತ್ತಿದ್ದರು. ಹುಡುಗನಿಗೆ ಡ್ರಮ್ ಬೇಕಿತ್ತು. ಮನೆಯಲ್ಲಿ ಆ ಗದ್ದಲ ಯಾರಿಗೆ ಬೇಕು? ಅವನ ಕೈಗೂ ಅಕಾರ್ಡಿಯನ್ ಬಂತು. ಮುಂದೆ ಗಿಟಾರ್ ಹುಚ್ಚು ಹಿಡಿದಾಗ ಅಮ್ಮ ಒಂದು ಅಗ್ಗದ ವಾಟ್ಕಿನ್ಸ್ ರೇಪಿಯರ್ ಗಿಟಾರನ್ನು ಕೊಡಿಸಿದರು. ಹುಡುಗ ಎಡಚ. ಎಡಗೈಯವರಿಗೆ ಒಗ್ಗುವ ಗಿಟಾರುಗಳು ಆಗ ಸಿಗುತ್ತಿದ್ದುದೇ ಕಡಿಮೆ. ಕೇಳಿ ಕಲಿತದ್ದು ದಿ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್‌ನನ್ನು. ಸ್ಪಷ್ಟವಾದ, ಹಾಡುವಂಥ, ಒಂದೊಂದೇ ಸ್ವರವನ್ನು ಬಿಡಿಸಿ ಹೇಳುವ ಗಿಟಾರ್ ಅದು. ಅಯೋಮಿಯ ಗದ್ದಲದ ಒಳಗೂ ರಾಗ ಎದ್ದು ಕೇಳಿಸುವುದಕ್ಕೆ ಈ ಮೊದಲ ಪಾಠವೇ ಕಾರಣ ಎಂದು ನನ್ನ ನಂಬಿಕೆ.

ಅವನ ಶಾಲೆಯಲ್ಲೇ ಒಂದು ತರಗತಿ ಕೆಳಗೆ ಓಝಿ ಆಸ್‌ಬರ್ನ್ ಎಂಬ ಹುಡುಗನಿದ್ದ. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಅಯೋಮಿ ಹೊಡೆಯುವವನು, ಓಝಿ ಓಡುವವನು. ಹಾಡುಗಾರನೊಬ್ಬ ತಂಡ ಬೇಕೆಂದು ಹಾಕಿದ್ದ ಜಾಹೀರಾತು ಹಿಡಿದು ಹೋದ ಅಯೋಮಿ ಮುಂದೊಂದು ದಿನ ಬಾಗಿಲಲ್ಲಿ ಇದೇ ಓಝಿಯನ್ನು ಕಂಡು ಹಿಂದೆ ಸರಿದದ್ದೂ ಉಂಟು.

ಈಗ 1965. ಟೋನಿಗೆ ಹದಿನೇಳು. ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸ. ಒಂದು ತಂಡದ ಜೊತೆ ಜರ್ಮನಿಗೆ ಹೋಗಿ ನುಡಿಸುವ ಅವಕಾಶ ಬಂದಿತ್ತು, ಕೆಲಸ ಬಿಟ್ಟಾಗಿತ್ತು, ಅಂದು ಕಾರ್ಖಾನೆಯ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ಹಿಡಿದ ಕೆಲಸವನ್ನು ಮುಗಿಸಿ ಬಾ ಎಂದು ಅಮ್ಮ ಕಳುಹಿಸಿದರು. ಪ್ರೆಸ್ ಯಂತ್ರ ನಡೆಸುವವರು ಅಂದು ಬಂದಿರಲಿಲ್ಲ, ಅಭ್ಯಾಸವಿಲ್ಲದ ಟೋನಿಯನ್ನು ಅಲ್ಲಿ ನಿಲ್ಲಿಸಿದರು. ಯಂತ್ರ ಬಲಗೈಯ ಮೇಲೆ ಇಳಿಯಿತು. ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಾಗ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಅಲ್ಲೇ ಉಳಿದವು.

ಬಲಗೈ ಎಂಬುದನ್ನು ಗಮನಿಸಿ. ನಮ್ಮ ನಿಮ್ಮಂಥವರು ಗಿಟಾರ್ ಹಿಡಿದರೆ ಬಲಗೈ ಮೀಟುತ್ತದೆ, ಎಡಗೈ ತಂತಿಯನ್ನು ಒತ್ತುತ್ತದೆ. ಎಡಚನಿಗೆ ಎಲ್ಲವೂ ತಿರುಗುಮುರುಗು. ಮೀಟುವ ಕೈಗೆ ಏಟಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇಲ್ಲಿ ಹೋದದ್ದು ಸ್ವರ ಹಿಡಿಯುವ ಕೈಯ ನಡುವಿನ ಎರಡು ಬೆರಳ ತುದಿ. ಗಿಟಾರ್ ಮರೆತುಬಿಡು ಎಂದರು ವೈದ್ಯರು.

ಮನೆಯಲ್ಲಿ ಮುದುಡಿ ಕೂತಿದ್ದವನನ್ನು ನೋಡಲು ಕಾರ್ಖಾನೆಯ ಮೇಲಧಿಕಾರಿ ಒಂದು ರೆಕಾರ್ಡ್ ಹಿಡಿದು ಬಂದ. ಕೇಳು ಎಂದ. ಕೇಳುವ ಮನಸ್ಸಿಲ್ಲ ಎಂದರೂ ಬಿಡಲಿಲ್ಲ. ಅದು ಜ್ಯಾಂಗೋ ರೈನ್‌ಹಾರ್ಟ್‌ನ ವಾದನ. ಬೆಲ್ಜಿಯಂನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಹೆಸರಾದ ರೋಮಾ ಸಮುದಾಯದ ಜ್ಯಾಝ್ ಗಿಟಾರ್ ವಾದಕ. 1928ರಲ್ಲಿ ಅವನು ವಾಸಿಸುತ್ತಿದ್ದ ಬಂಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಸೆಟೆದುಕೊಂಡಿದ್ದವು. ಉಳಿದ ಎರಡು ಬೆರಳುಗಳಲ್ಲಿ ಆತ ಓಡಿಸುತ್ತಿದ್ದ ಸ್ವರಗಳ ವೇಗ ಹತ್ತು ಬೆರಳಿದ್ದವರಿಗೂ ಇವತ್ತಿಗೂ ಸವಾಲು. ವಿಷಯ ತಿಳಿದ ಮೇಲೆ ಹುಡುಗ ಎದ್ದು ಕೂತ. ಆ ಮೇಲಧಿಕಾರಿಗೆ ರಾಕ್ ಚರಿತ್ರೆಯಲ್ಲಿ ಒಂದು ಸಣ್ಣ ಮೂರ್ತಿಯನ್ನಾದರೂ ನಿಲ್ಲಿಸಬೇಕು.

ಈಗ ಕಸುಬಿನ ಮಾತು. ಪಾತ್ರೆ ತೊಳೆಯುವ ಫೇರಿ ಲಿಕ್ವಿಡ್ ದ್ರಾವಣದ ಪ್ಲಾಸ್ಟಿಕ್ ಬಾಟಲಿಯನ್ನು ಟೋನಿ ಕರಗಿಸಿದ. ಕರಗಿದ್ದನ್ನು ಉಂಡೆ ಮಾಡಿದ. ಕಾದ ಸೋಲ್ಡರಿಂಗ್ ಐರನ್‌ನಿಂದ ಅದರಲ್ಲಿ ಬೆರಳು ಹೋಗುವಷ್ಟು ತೂತು ಕೊರೆದ. ಬೆರಳ ಆಕಾರ ಬರುವವರೆಗೆ ಉಪ್ಪುಕಾಗದದಲ್ಲಿ ತಿಕ್ಕಿದ. ಹಾಕಿಕೊಂಡು ತಂತಿ ಒತ್ತಿದರೆ ಪ್ಲಾಸ್ಟಿಕ್ ಜಾರುತ್ತಿತ್ತು. ಹಳೆಯ ಚರ್ಮದ ಜಾಕೆಟ್ಟಿನಿಂದ ಚೂರು ಕತ್ತರಿಸಿ ತುದಿಗೆ ಅಂಟಿಸಿದ. ಚರ್ಮ ಹೊಸದಾಗಿದ್ದರೆ ತಂತಿಗೆ ಅಂಟಿಕೊಳ್ಳುತ್ತದೆ, ತೀರ ನುಣುಪಾದರೆ ಮತ್ತೆ ಜಾರುತ್ತದೆ, ಹದಕ್ಕೆ ಬರುವವರೆಗೆ ಉಜ್ಜಬೇಕು. ಹೀಗೆ ತಯಾರಾದವು ಎರಡು ಬೆರಳ ಟೋಪಿಗಳು. ಯಾವ ಸಂಗೀತ ಶಾಲೆಯೂ ಇದನ್ನು ಕಲಿಸುವುದಿಲ್ಲ. ವರ್ಕ್‌ಶಾಪಿನಲ್ಲಿ ನಿಂತವನಿಗೆ ಮಾತ್ರ ತೋಚುವ ದಾರಿ ಇದು.

ಟೋಪಿ ಹಾಕಿಕೊಂಡ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ನಿಮ್ಮಲ್ಲಿ ವೀಣೆಯನ್ನೋ ಪಿಟೀಲನ್ನೋ ನುಡಿಸುವವರಿಗೆ ಇದರ ಕಷ್ಟವನ್ನು ನಾನು ವಿವರಿಸಬೇಕಾಗಿಲ್ಲ. ಬೆರಳು ಎಲ್ಲಿದೆ, ಎಷ್ಟು ಒತ್ತಿದೆ ಎಂಬುದನ್ನು ಕಿವಿಯೇ ಹೇಳಬೇಕು. ಜೊತೆಗೆ ಆಗಿನ ಗಿಟಾರ್ ತಂತಿಗಳು ದಪ್ಪ. ದಪ್ಪ ತಂತಿಯನ್ನು ಎಳೆದು ಸ್ವರ ಬಾಗಿಸುವುದು ಆ ಬೆರಳುಗಳಿಗೆ ಆಗದ ಮಾತು. ತೆಳು ತಂತಿ ಬೇಕು ಎಂದರೆ ಮಾರುಕಟ್ಟೆಯಲ್ಲಿಲ್ಲ. ಟೋನಿ ಬ್ಯಾಂಜೊ ತಂತಿಗಳನ್ನು ತಂದು ಗಿಟಾರಿಗೆ ಕಟ್ಟಿದ. ತೆಳು ತಂತಿಯ ಜೋಡಿಗಳು ಅಲ್ಲಿ ಸುಲಭವಾಗಿ ಸಿಗತೊಡಗಿದ್ದು ಆಮೇಲೆ. ಇಂದು ಅಂಗಡಿಗೆ ಹೋದರೆ ಅವು ಗೋಡೆಯ ತುಂಬ ನೇತಾಡುತ್ತಿರುತ್ತವೆ.

ಇನ್ನು ತಂಡದ ಕಥೆ. ಅನೇಕ ಸಣ್ಣಪುಟ್ಟ ತಂಡಗಳನ್ನು ದಾಟಿ, ಕಾರ್ಲೈಲ್ ಊರಿನ ಮೈಥಾಲಜಿ ಎಂಬ ತಂಡದಲ್ಲಿ ಡ್ರಮ್ ವಾದಕ ಬಿಲ್ ವಾರ್ಡ್ ಜೊತೆ ಕೆಲವು ತಿಂಗಳು ಇದ್ದು, 1968ರಲ್ಲಿ ಇಬ್ಬರೂ ಆಸ್ಟನ್‌ಗೆ ಮರಳಿದರು. ಅಲ್ಲಿ ಓಝಿ ಮತ್ತು ಬಾಸ್ ಗಿಟಾರಿನ ಗೀಝರ್ ಬಟ್ಲರ್ ಸೇರಿದರು. ಗೀಝರ್ ಲೆಕ್ಕಪತ್ರದ ಕಚೇರಿಯಲ್ಲಿ ದುಡಿದವನು, ಓಝಿ ಕಸಾಯಿಖಾನೆಯಲ್ಲಿ ದುಡಿದವನು. ಮೊದಲು ಪೋಲ್ಕ ಟಲ್ಕ್ ಎಂಬ ಹೆಸರು, ನಂತರ ಅರ್ತ್. ನುಡಿಸುತ್ತಿದ್ದದ್ದು ಬ್ಲೂಸ್, ಆ ಕಾಲದ ಎಲ್ಲ ಇಂಗ್ಲಿಷ್ ಹುಡುಗರ ಹಾಗೆ.

1968ರ ಡಿಸೆಂಬರಿನಲ್ಲಿ ಆಗಲೇ ಹೆಸರು ಮಾಡಿದ್ದ ಜೆತ್ರೊ ಟಲ್ ತಂಡ ಅಯೋಮಿಯನ್ನು ಕರೆಯಿತು. ಆತ ಹೋದ, ರೋಲಿಂಗ್ ಸ್ಟೋನ್ಸ್ ಏರ್ಪಡಿಸಿದ್ದ ಚಿತ್ರೀಕರಣದಲ್ಲಿ ಅವರೊಂದಿಗೆ ಕಾಣಿಸಿಕೊಂಡ, ಕೆಲವೇ ದಿನಗಳಲ್ಲಿ ಗೆಳೆಯರ ಬಳಿಗೆ ವಾಪಸಾದ. ಆದರೆ ಬರಿಗೈಯಲ್ಲಿ ಬರಲಿಲ್ಲ. ಟಲ್ ತಂಡದವರು ಕಚೇರಿಗೆ ಹೋಗುವವರಂತೆ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಅಭ್ಯಾಸಕ್ಕೆ ಕೂರುವುದನ್ನು ನೋಡಿದ್ದ. ಮರಳಿದ ಮೇಲೆ ತನ್ನ ಮೂವರನ್ನೂ ಬೆಳಗ್ಗೆ ಒಂಬತ್ತಕ್ಕೆ ಎಬ್ಬಿಸಿ ಅಭ್ಯಾಸದ ಕೋಣೆಗೆ ಎಳೆದು ತರತೊಡಗಿದ. ವ್ಯಾನ್ ಓಡಿಸುವ ಪರವಾನಗಿ ಇದ್ದದ್ದೂ ಅವನೊಬ್ಬನಿಗೇ, ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಅಭ್ಯಾಸದ ಕೋಣೆಯ ಎದುರು ಒಂದು ಚಿತ್ರಮಂದಿರ. ಅಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ ಭೂತದ ಚಿತ್ರಕ್ಕೆ ಜನ ಸಾಲು ನಿಲ್ಲುತ್ತಿದ್ದರು. ಹೆದರಿಕೊಳ್ಳಲು ಜನ ದುಡ್ಡು ಕೊಡುತ್ತಾರಲ್ಲ, ಹೆದರಿಸುವ ಸಂಗೀತ ಯಾಕಾಗಬಾರದು ಎಂಬ ಯೋಚನೆ ಬಂತು. ಆ ಚಿತ್ರದ ಹೆಸರೇ ಹಾಡಿನ ಹೆಸರಾಯಿತು, 1969ರಲ್ಲಿ ತಂಡದ ಹೆಸರೂ ಆಯಿತು.

(ಇಲ್ಲಿ 'ಬ್ಲ್ಯಾಕ್ ಸಬ್ಬತ್' ಹಾಡಿನ ಆರಂಭವನ್ನು ಕೇಳಿಸಲಾಯಿತು.)

ಮಳೆ, ಗಂಟೆ, ಆಮೇಲೆ ಮೂರೇ ಮೂರು ಸ್ವರ. ಅಯೋಮಿ ಇಲ್ಲಿ ನುಡಿಸುವುದು ಜಿ, ಅದರ ಮೇಲಿನ ಸ್ಥಾಯಿಯ ಜಿ, ಆಮೇಲೆ ಸಿ ಶಾರ್ಪ್. ನಮ್ಮ ಲೆಕ್ಕದಲ್ಲಿ ಹೇಳಿದರೆ ಷಡ್ಜ, ತಾರ ಷಡ್ಜ, ಪ್ರತಿಮಧ್ಯಮ. ಯುರೋಪಿನಲ್ಲಿ ಈ ಅಂತರಕ್ಕೆ 'ಸಂಗೀತದೊಳಗಿನ ಸೈತಾನ' ಎಂಬ ಬಿರುದಿದೆ. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು, ನುಡಿಸಿದವರನ್ನು ದಂಡಿಸುತ್ತಿತ್ತು ಎಂದೆಲ್ಲ ರಾಕ್ ಪತ್ರಿಕೆಗಳು ಬರೆಯುತ್ತವೆ. ಅಂಥ ನಿಷೇಧಕ್ಕೆ ದಾಖಲೆಯೇನೂ ಇಲ್ಲ. ಸ್ವರಸಂಯೋಜನೆಯಲ್ಲಿ ದೂರ ಇಡಬೇಕಾದ ಅಂತರ ಎಂಬ ಪಾಠದ ನಿಯಮ ಇತ್ತು, ಅಷ್ಟೆ.

ಇಲ್ಲಿ ನಮಗೊಂದು ಪ್ರಶ್ನೆ ಬರಬೇಕು. ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳಲ್ಲಿ, ಅಂದರೆ ಮೂಲ ರಾಗಗಳಲ್ಲಿ, ಮೂವತ್ತಾರು ಪ್ರತಿಮಧ್ಯಮದವು. ಕಲ್ಯಾಣಿ ರಾಗ ಕೇಳಿ ಯಾರಾದರೂ ಹೆದರಿದ್ದುಂಟೆ? ಅದೇ ಸ್ವರ ಅಲ್ಲಿ ಮಂಗಳಕರವಾಗಿಯೂ ಇಲ್ಲಿ ಮೈ ನಡುಗಿಸುವಂತೆಯೂ ಯಾಕೆ ಕೇಳುತ್ತದೆ? ಕಲ್ಯಾಣಿಯಲ್ಲಿ ಪ್ರತಿಮಧ್ಯಮದ ಈಚೆಗೆ ಗಾಂಧಾರ, ಆಚೆಗೆ ಪಂಚಮ ಇರುತ್ತವೆ. ಹತ್ತಿ ಪಂಚಮಕ್ಕೆ ಸೇರಿದರೆ ಕಿವಿಗೆ ನೆಮ್ಮದಿ. ಅಯೋಮಿ ಆ ಎರಡು ಸ್ವರಗಳನ್ನೂ ತೆಗೆದುಹಾಕಿದ. ಷಡ್ಜದಿಂದ ಹಾರಿ ಪ್ರತಿಮಧ್ಯಮದ ಮೇಲೆ ನಿಂತು, ಅಲ್ಲೇ ಬೆರಳನ್ನು ನಡುಗಿಸುತ್ತ ಇರುತ್ತಾನೆ, ಮುಂದೆ ಹೋಗುವುದಿಲ್ಲ. ಹೆದರಿಕೆ ಹುಟ್ಟುವುದು ಸ್ವರದಿಂದಲ್ಲ, ಸ್ವರ ಎಲ್ಲಿಗೂ ತಲುಪದೇ ಇರುವುದರಿಂದ. ಲಯವೂ ಹಾಗೆಯೇ, ಮುಂದಿನ ಪೆಟ್ಟು ಬರುತ್ತದೋ ಇಲ್ಲವೋ ಎಂಬಷ್ಟು ನಿಧಾನ. ಗೀಝರ್ ಆ ದಿನಗಳಲ್ಲಿ ಗುಸ್ತಾವ್ ಹೋಲ್ಸ್ಟ್‌ನ 'ಮಂಗಳ ಗ್ರಹ'ದ ವಾದ್ಯವೃಂದ ಕೃತಿಯನ್ನು ಗುನುಗುತ್ತಿದ್ದ, ಅದರಿಂದಲೂ ಈ ಸ್ವರಗಳಿಗೆ ದಾರಿಯಾಯಿತು.

1969ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ರಾಜರ್ ಬೇನ್ ನಿರ್ಮಾಣದಲ್ಲಿ, ಒಂದೇ ದಿನದಲ್ಲಿ ಇಡೀ ಆಲ್ಬಂ ಮುದ್ರಣವಾಯಿತು. ಮೊದಲ ಹಾಡು ಮುಗಿಯುತ್ತಲೇ ಅಯೋಮಿಯ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ, ಕೆಟ್ಟಿತು. ಬದಲಿಗೆ ಇಟ್ಟುಕೊಂಡಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡು ಉಳಿದದ್ದನ್ನೆಲ್ಲ ಮುಗಿಸಿದ. ಅಂದಿನಿಂದ ಅವನ ಹೆಸರು ಕೇಳಿದರೆ ಆ ಎರಡು ಕೊಂಬಿನ ಗಿಟಾರೇ ಕಣ್ಣ ಮುಂದೆ ಬರುತ್ತದೆ. ಆಲ್ಬಂ ಬಿಡುಗಡೆಯಾದದ್ದು 1970ರ ಫೆಬ್ರುವರಿ 13, ಶುಕ್ರವಾರ. ಇಂಗ್ಲಿಷರಿಗೆ ಅಪಶಕುನದ ದಿನ, ಕಂಪನಿಗೆ ಒಳ್ಳೆಯ ಪ್ರಚಾರ. ವಿಮರ್ಶಕರು ಉಗಿದರು. ಬ್ರಿಟನ್ನಿನಲ್ಲಿ ಅದು ಎಂಟನೆಯ ಸ್ಥಾನಕ್ಕೆ ಏರಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಪ್ಯಾರನಾಯ್ಡ್' ಬಂತು, ಮೊದಲ ಸ್ಥಾನಕ್ಕೇ ಹೋಯಿತು. ಆಲ್ಬಂನ ಅವಧಿ ಸಾಲದು, ಇನ್ನೊಂದು ಹಾಡು ಬೇಕು ಎಂದಾಗ ಉಳಿದವರು ಹೊರಗೆ ಹೋಗಿದ್ದ ಹೊತ್ತಿನಲ್ಲಿ ಅಯೋಮಿ ಹೊಸೆದ ತುಣುಕೇ ಆ ಶೀರ್ಷಿಕೆ ಹಾಡು. ಜಾಗ ತುಂಬಲು ಮಾಡಿದ್ದೇ ಅವರ ಅತಿ ಪ್ರಸಿದ್ಧ ಹಾಡಾಗಿ ಕೂತಿದೆ.

(ಇಲ್ಲಿ 'ಐರನ್ ಮ್ಯಾನ್' ಹಾಡಿನ ಒಂದು ನಿಮಿಷ.)

ಇದನ್ನು ರಿಫ್ ಎನ್ನುತ್ತಾರೆ. ಒಂದೆರಡು ಆವರ್ತದ ಸ್ವರಗುಚ್ಛ, ಮತ್ತೆ ಮತ್ತೆ ಬರುವಂಥದ್ದು, ಹಾಡು ಅದರ ಮೇಲೆಯೇ ನಿಂತಿರುತ್ತದೆ. ಓಝಿ ಇಲ್ಲಿ ಏನು ಮಾಡುತ್ತಾನೆ ನೋಡಿ. ಗಿಟಾರ್ ಹೋದಲ್ಲಿಗೇ ಅವನ ಕಂಠವೂ ಹೋಗುತ್ತದೆ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕನನ್ನು ಹಿಂಬಾಲಿಸುತ್ತದೆ, ಇಲ್ಲಿ ಗಾಯಕನೇ ಗಿಟಾರನ್ನು ಹಿಂಬಾಲಿಸುತ್ತಾನೆ. ಇನ್ನೊಂದು ಸಂಗತಿ, ಅಯೋಮಿ ಪೂರ್ಣ ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಮೂರು ನಾಲ್ಕು ಸ್ವರಗಳ ಕೂಟವನ್ನು, ಹಿಡಿಯುವುದು ಕಡಿಮೆ. ಆಧಾರ ಸ್ವರ ಮತ್ತು ಅದರ ಪಂಚಮ, ಇವೆರಡೇ. ಗಾಂಧಾರ ಇಲ್ಲದ್ದರಿಂದ ಹರ್ಷವೂ ಇಲ್ಲ, ದುಃಖವೂ ಇಲ್ಲ, ಬರೀ ಭಾರ. ಆಂಪ್ಲಿಫೈಯರನ್ನು ಒರಟಾಗುವಷ್ಟು ಏರಿಸಿದಾಗ ಗಾಂಧಾರ ಸೇರಿದ ಕಾರ್ಡ್ ಕಲಸುಮೇಲೋಗರವಾಗುತ್ತದೆ, ಷಡ್ಜ-ಪಂಚಮ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಗಾಯಗೊಂಡ ಕೈಗೂ ಇದೇ ಸಲೀಸು. ಆ ಆಂಪ್ಲಿಫೈಯರ್ ಕೂಡ ಬರ್ಮಿಂಗ್‌ಹ್ಯಾಂನದ್ದೇ. ಲಿಂಡನ್ ಲೇನಿ ಎಂಬ ಸ್ಥಳೀಯ ಯುವಕ 1967ರಲ್ಲಿ ಶುರು ಮಾಡಿದ ಕಂಪನಿಯದ್ದು.

ಈಗ ತಂತಿ ಸಡಿಲಿಸಿದ ವಿಷಯಕ್ಕೆ ಬರೋಣ. ಮೊದಲ ಎರಡು ಆಲ್ಬಂಗಳು ಸಾಮಾನ್ಯ ಶ್ರುತಿಯಲ್ಲೇ ಇವೆ. ನೀವು ಈಗ ಕೇಳಿದ ಎರಡೂ ತುಣುಕುಗಳಲ್ಲಿ ತಂತಿ ಸಡಿಲವಾಗಿಲ್ಲ. ಆ ಭಾರ, ಆ ಕತ್ತಲು ಆಗಲೇ ಅಲ್ಲಿತ್ತು. ಧ್ವನಿಮುದ್ರಣದಲ್ಲಿ ಶ್ರುತಿ ಇಳಿದದ್ದು 1971ರ ಜುಲೈನಲ್ಲಿ ಬಂದ ಮೂರನೆಯ ಆಲ್ಬಂ 'ಮಾಸ್ಟರ್ ಆಫ್ ರಿಯಾಲಿಟಿ'ಯ ಕೆಲವು ಹಾಡುಗಳಲ್ಲಿ. ಅಪಘಾತವಾದದ್ದು 1965ರಲ್ಲಿ. ನಡುವೆ ಆರು ವರ್ಷ. ಅಪಘಾತವೇ ಎಲ್ಲವನ್ನೂ ಮಾಡಿತು ಎನ್ನುವವರು ಈ ಆರು ವರ್ಷಕ್ಕೆ ಉತ್ತರ ಹೇಳಬೇಕು.

ಇಳಿಸಿದ್ದು ಎಷ್ಟು? ಮೂರು ಅರ್ಧಸ್ವರ. ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 82ರಿಂದ 69ಕ್ಕೆ ಬರುತ್ತದೆ. ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿರುವುದರಿಂದ ಬಿಗಿತ ಸುಮಾರು ಶೇ 30ರಷ್ಟು ಇಳಿಯುತ್ತದೆ. ಬೆರಳ ಟೋಪಿಗೆ ಇದು ದೊಡ್ಡ ಉಪಕಾರ. ಆದರೆ ಇಳಿಸಿದಾಗ ತಂತಿ ಫ್ರೆಟ್‌ಗಳಿಗೆ, ಅಂದರೆ ಗಿಟಾರಿನ ಕುತ್ತಿಗೆಯ ಲೋಹದ ಪಟ್ಟಿಗಳಿಗೆ, ತಾಗಿ ಬಡಿದುಕೊಳ್ಳುತ್ತದೆ, ಸ್ವರ ಅಲ್ಲಾಡುತ್ತದೆ, ಬಾಸ್ ಗಿಟಾರ್ ಕೂಡ ಕೆಳಗಿಳಿಯಬೇಕಾಗುತ್ತದೆ. ಗೀಝರ್ ಇಳಿಸಿದ, ಇಬ್ಬರೂ ಒಂದೇ ರಿಫ್ಫನ್ನು ಒಟ್ಟಿಗೆ ನುಡಿಸಿದರು. ಹಾಗೆ ಬಂದ ಗಾತ್ರ ಅವರಿಗೇ ಹಿಡಿಸಿತು. ಬೆರಳಿನ ಅನುಕೂಲವೂ ಕಿವಿಯ ಆಸೆಯೂ ಅಲ್ಲಿ ಕೂಡಿಕೊಂಡವು. ಅನುಕೂಲವೊಂದೇ ಸಾಕೆಂದಿದ್ದರೆ ತೆಳು ತಂತಿಯ ಹೊತ್ತಿಗೇ ಅವನು ನಿಲ್ಲಬಹುದಿತ್ತು.

ಬರ್ಮಿಂಗ್‌ಹ್ಯಾಂನ ಕಾರ್ಖಾನೆಗಳ ಸದ್ದೇ ಈ ಸಂಗೀತದಲ್ಲಿದೆ ಎಂಬ ಮಾತೂ ಇದೆ. ಆ ಊರಿನ ಕೆಲವು ಸಂಗೀತಗಾರರೇ ಹಾಗೆ ಹೇಳಿಕೊಂಡಿದ್ದಾರೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಹಾಗಿದ್ದರೆ ಮ್ಯಾಂಚೆಸ್ಟರ್‌ನಲ್ಲೂ ಶೆಫೀಲ್ಡ್‌ನಲ್ಲೂ ಅದೇ ಸಂಗೀತ ಅದೇ ವರ್ಷ ಹುಟ್ಟಬೇಕಿತ್ತು. ಕಾರ್ಖಾನೆ ಅಯೋಮಿಗೆ ಕೊಟ್ಟದ್ದು ಕೈಯ ಜಾಣತನವನ್ನು ಎಂದು ನಾನು ಹೇಳುತ್ತೇನೆ. ಮುಂದೆಯೂ ಅದೇ ನಡೆಯಿತು. ಗಿಟಾರಿಗೆ ಇಪ್ಪತ್ನಾಲ್ಕು ಫ್ರೆಟ್ ಬೇಕು ಎಂದ, ದೊಡ್ಡ ಕಂಪನಿಗಳು ಆಗದು ಎಂದವು. ಜಾನ್ ಬರ್ಚ್ ಎಂಬ ಬರ್ಮಿಂಗ್‌ಹ್ಯಾಂನ ಗಿಟಾರ್ ತಯಾರಕನ ಹಿಂದೆ ಬಿದ್ದು, ಕೈಯಿಂದ ಹಣ ಹಾಕಿ ಮಾಡಿಸಿದ. ಅಲ್ಲಿ ಕೆಲಸ ಕಲಿತ ಜಾನ್ ಡಿಗಿನ್ಸ್ ಮಾಡಿಕೊಟ್ಟ, ಶಿಲುಬೆ ಗುರುತುಗಳ ಕಪ್ಪು ಗಿಟಾರ್ ದಶಕಗಳ ಕಾಲ ವೇದಿಕೆಯ ಮೇಲಿತ್ತು.

ಮುಂದಿನ ಏಳೆಂಟು ವರ್ಷಗಳನ್ನು ಬೇಗ ದಾಟುತ್ತೇನೆ. ಲಾಸ್ ಏಂಜಲೀಸ್, ಕೊಕೇನ್, ಹಣ, ಹಣ ನೋಡಿಕೊಂಡವರ ಜೊತೆ ನ್ಯಾಯಾಲಯದ ಜಗಳ, ರಾಕ್ ತಂಡಗಳ ಚರಿತ್ರೆಯನ್ನು ಓದಿದವರಿಗೆ ಇದೆಲ್ಲ ಗೊತ್ತಿರುವುದೇ. ಒಂದನ್ನು ಮಾತ್ರ ಹೇಳಬೇಕು. 1973ರಲ್ಲಿ ಅಯೋಮಿಗೆ ರಿಫ್ ಹೊಳೆಯುವುದೇ ನಿಂತುಹೋಯಿತು. ಹಾಡು ಶುರುವಾಗುವುದೇ ಅವನ ರಿಫ್‌ನಿಂದ, ಅವನು ನಿಂತರೆ ನಾಲ್ವರೂ ನಿಂತ ಹಾಗೆ. ಇಂಗ್ಲೆಂಡಿಗೆ ಮರಳಿ ಕ್ಲಿಯರ್‌ವೆಲ್ ಎಂಬ ಕೋಟೆಮನೆಯ ನೆಲಮಾಳಿಗೆಯಲ್ಲಿ ಅಭ್ಯಾಸಕ್ಕೆ ಕೂತಾಗ 'ಸಬ್ಬತ್ ಬ್ಲಡಿ ಸಬ್ಬತ್' ರಿಫ್ ಬಂತು, ಕಟ್ಟು ಒಡೆಯಿತು. ಆ ತಂಡದಲ್ಲಿ ಸಾಹಿತ್ಯ ಬಹುಪಾಲು ಗೀಝರ್‌ನದು, ಜ್ಯಾಝ್ ತೂಗುವಿಕೆಯ ಲಯ ಬಿಲ್ ವಾರ್ಡ್‌ನದು, ಜನ ಗುರುತಿಸುವ ಮುಖ ಓಝಿಯದು. ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯಬೇಕಾದ ಹೊಣೆ ಮಾತ್ರ ಟೋನಿಯದು.

1979ರಲ್ಲಿ ಓಝಿಯನ್ನು ಹೊರಗೆ ಹಾಕಲಾಯಿತು. ಕುಡಿತ, ಮಾದಕ ವಸ್ತು ಕಾರಣ ಎಂದರು. ಆ ಮಾತು ಹೇಳುವ ನೈತಿಕ ಹಕ್ಕು ಆ ಹೊತ್ತಿನಲ್ಲಿ ಉಳಿದ ಮೂವರಲ್ಲಿ ಯಾರಿಗೂ ಇರಲಿಲ್ಲ. ಆದರೂ ಬದಲಿಗೆ ಬಂದ ರೋನಿ ಜೇಮ್ಸ್ ಡಿಯೊ ಜೊತೆ 1980ರಲ್ಲಿ ಮಾಡಿದ 'ಹೆವನ್ ಅಂಡ್ ಹೆಲ್' ಆಲ್ಬಂ ಕೇಳಿದರೆ ಅಯೋಮಿಗೆ ಹೊಸ ಉಸಿರು ಬಂದದ್ದು ತಿಳಿಯುತ್ತದೆ. ಡಿಯೊ ರಿಫ್‌ನ ಹಿಂದೆ ಹಾಡಲಿಲ್ಲ, ಅದರ ಮೇಲೆ ತನ್ನದೇ ರಾಗ ಹಾಡಿದ. ಗಿಟಾರಿಗೆ ಓಡಾಡಲು ಜಾಗ ಸಿಕ್ಕಿತು.

ಅಲ್ಲಿಂದ ಹತ್ತು ಹದಿನೈದು ವರ್ಷ ಹಾಡುಗಾರರು ಬಂದರು, ಹೋದರು. ಇಯಾನ್ ಗಿಲನ್, ಗ್ಲೆನ್ ಹ್ಯೂಸ್, ಟೋನಿ ಮಾರ್ಟಿನ್. ಒಂದು ಹಂತದಲ್ಲಿ ಮೂಲ ತಂಡದವನು ಅಯೋಮಿ ಒಬ್ಬನೇ. ಹೆಸರು ಬಿಟ್ಟುಬಿಡಬಾರದಿತ್ತೆ ಎಂದು ಕೇಳಿದವರಿದ್ದಾರೆ. ಆ ಕಾಲದ ಎಲ್ಲ ಆಲ್ಬಂಗಳೂ ಕೆಟ್ಟವಲ್ಲ, 1989ರ 'ಹೆಡ್‌ಲೆಸ್ ಕ್ರಾಸ್' ನನಗೆ ಇಷ್ಟ. ಕ್ಷಮಿಸಲಾಗದ್ದೂ ಒಂದಿದೆ. ವರ್ಣಭೇದ ನೀತಿಯ ವಿರುದ್ಧ ಕಲಾವಿದರು ದಕ್ಷಿಣ ಆಫ್ರಿಕಾವನ್ನು ಬಹಿಷ್ಕರಿಸಿದ್ದಾಗ, 1987ರಲ್ಲಿ ಈ ತಂಡ ಅಲ್ಲಿನ ಸನ್ ಸಿಟಿಯಲ್ಲಿ ನುಡಿಸಿತು. ಡ್ರಮ್ ವಾದಕ ಬೆವ್ ಬೆವನ್ ಒಪ್ಪದೆ ಹೊರನಡೆದ. ಮಾಡಬಾರದ ಕೆಲಸ ಅದು. ಇದರ ಪಕ್ಕದಲ್ಲೇ ಅರ್ಮೇನಿಯದ ಮಾತನ್ನೂ ಹೇಳಬೇಕು. 1988ರ ಭೂಕಂಪದ ಸಂತ್ರಸ್ತರಿಗಾಗಿ ನಡೆದ ಧ್ವನಿಮುದ್ರಣದಲ್ಲಿ ಅಯೋಮಿ ನುಡಿಸಿದ. ಎರಡು ದಶಕದ ನಂತರವೂ ಅದನ್ನು ಮರೆಯದೆ, ಗಿಲನ್ ಜೊತೆ ಸೇರಿ ಗ್ಯುಮ್ರಿ ನಗರದ ಸಂಗೀತ ಶಾಲೆಗೆ ಹೊಸ ಕಟ್ಟಡ ಏಳಲು ಹಣ ಕೂಡಿಸಿದ.

1997ರಲ್ಲಿ ಮೂಲ ನಾಲ್ವರೂ ಬರ್ಮಿಂಗ್‌ಹ್ಯಾಂನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. 2006ರಲ್ಲಿ ತಂಡ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು. ಅಂದು ಅವರನ್ನು ಬರಮಾಡಿಕೊಂಡವರು ಅಮೆರಿಕದ ಹೆವಿ ಮೆಟಲ್ ತಂಡವಾದ ಮೆಟಾಲಿಕದವರು. ಇದೇ ಮೆಟಾಲಿಕ 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅಂದು ಮಳೆ ಮಣ್ಣಿನಲ್ಲಿ ತಲೆ ಕುಣಿಸಿದವರೆಲ್ಲ, ತಿಳಿದೋ ತಿಳಿಯದೆಯೋ, ಆಸ್ಟನ್ನಿನ ಈ ಬೆರಳ ಟೋಪಿಗೆ ಋಣಿಗಳು.

2012ರ ಜನವರಿಯಲ್ಲಿ ಅಯೋಮಿಗೆ ಲಿಂಫೋಮ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಇರುವುದು ಗೊತ್ತಾಯಿತು. ಓಝಿ, ಗೀಝರ್ ಜೊತೆ ಹೊಸ ಆಲ್ಬಂ ಮಾಡುವುದಾಗಿ ಘೋಷಿಸಿ ಆಗ ಎರಡೇ ತಿಂಗಳಾಗಿತ್ತು. ಚಿಕಿತ್ಸೆಯ ನಡುವೆಯೇ ಕೆಲಸ ಸಾಗಿತು. ಪ್ರವಾಸದ ದಿನಾಂಕಗಳನ್ನು ಆಸ್ಪತ್ರೆಯ ದಿನಾಂಕಗಳಿಗೆ ಹೊಂದಿಸಿ ನಿಗದಿ ಮಾಡಿದರು, ಕೆಲವು ವಾರ ನುಡಿಸುವುದು, ಮನೆಗೆ ಬಂದು ಔಷಧ ಏರಿಸಿಕೊಳ್ಳುವುದು, ಮತ್ತೆ ಹೊರಡುವುದು. 2013ರಲ್ಲಿ ಬಂದ '13' ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು, 'ಪ್ಯಾರನಾಯ್ಡ್' ಆದ ಮೇಲೆ 43 ವರ್ಷಕ್ಕೆ. ಅಮೆರಿಕದಲ್ಲಿ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು ಅದೇ ಮೊದಲು. 2017ರ ಫೆಬ್ರುವರಿ 4ರಂದು ಬರ್ಮಿಂಗ್‌ಹ್ಯಾಂನಲ್ಲಿ ಕೊನೆಯ ಪ್ರವಾಸದ ಕೊನೆಯ ಕಛೇರಿ ನಡೆಯಿತು.

ಕೊನೆಯದು ಎಂದರೆ ಕೊನೆಯದೇನೂ ಆಗಲಿಲ್ಲ. ಊರು ಅಷ್ಟರಲ್ಲಿ ತನ್ನ ಮಕ್ಕಳನ್ನು ಒಪ್ಪಿಕೊಂಡಿತ್ತು. ಕಾಲುವೆಯ ಸೇತುವೆಯೊಂದಕ್ಕೆ ತಂಡದ ಹೆಸರಿಟ್ಟರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಸಮಾರೋಪದಲ್ಲಿ ಓಝಿ ಮತ್ತು ಅಯೋಮಿ ದಿಢೀರನೆ ವೇದಿಕೆಗೆ ಬಂದರು. 2023ರಲ್ಲಿ ಬರ್ಮಿಂಗ್‌ಹ್ಯಾಂ ರಾಯಲ್ ಬ್ಯಾಲೆಯವರು ಇವರ ಸಂಗೀತಕ್ಕೆ ನೃತ್ಯ ಕಟ್ಟಿದರು. ಒಂದು ಕಾಲಕ್ಕೆ ಸೈತಾನನ ಆರಾಧಕರು ಎಂದು ಬೈಸಿಕೊಂಡವರ ರಿಫ್‌ಗೆ ಬ್ಯಾಲೆ! 2025ರ ಜುಲೈ 5ರಂದು, ಅವರು ಆಡಿ ಬೆಳೆದ ಬೀದಿಗಳ ಮಗ್ಗುಲಲ್ಲೇ ಇರುವ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ನಾಲ್ವರೂ ಸೇರಿದರು. ನಡೆಯಲಾಗದ ಓಝಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ನಾಲ್ಕು ಹಾಡು, ಕೊನೆಯದು 'ಪ್ಯಾರನಾಯ್ಡ್'. ಜುಲೈ 22ರಂದು ಓಝಿ ತೀರಿಕೊಂಡ.

ಪ್ರಶ್ನೋತ್ತರದ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದರು, ಅದನ್ನೂ ಇಲ್ಲಿ ಸೇರಿಸುತ್ತೇನೆ. "ಇಷ್ಟೆಲ್ಲ ಒದ್ದಾಡುವ ಬದಲು ಗಿಟಾರನ್ನು ತಿರುಗಿಸಿ ಹಿಡಿದು ಚೆನ್ನಾಗಿದ್ದ ಎಡಗೈಯಲ್ಲೇ ಸ್ವರ ಒತ್ತಬಹುದಿತ್ತಲ್ಲ ಸರ್?" ಅಯೋಮಿಗೂ ಈ ಪ್ರಶ್ನೆ ಎದುರಾಗಿದೆ. ಈಗಿನ ಬುದ್ಧಿ ಆಗ ಇದ್ದಿದ್ದರೆ ಬಹುಶಃ ಹಾಗೇ ಮಾಡುತ್ತಿದ್ದೆ ಎಂಬರ್ಥದ ಮಾತನ್ನು ಆತ ಸಂದರ್ಶನಗಳಲ್ಲಿ ಹೇಳಿದ್ದಾನೆ. ಆಗ ಅವನು ಗಿಟಾರ್ ಹಿಡಿದು ಎರಡು ಮೂರು ವರ್ಷವಾಗಿತ್ತಷ್ಟೆ. ಹದಿನೇಳರ ಹುಡುಗನಿಗೆ ಅದೇ ಒಂದು ಆಯುಷ್ಯದಂತೆ ಕಂಡಿತ್ತು, ಮತ್ತೆ ಮೊದಲಿನಿಂದ ಕಲಿಯುವ ತಾಳ್ಮೆ ಇರಲಿಲ್ಲ. ಹಾಗಾಗಿ ತಾಳ್ಮೆಯನ್ನೆಲ್ಲ ಬಾಟಲಿ ಕರಗಿಸುವುದಕ್ಕೆ, ಚರ್ಮ ಉಜ್ಜುವುದಕ್ಕೆ ಖರ್ಚು ಮಾಡಿದ.

ಇದರ ಜೊತೆಗೇ ಇನ್ನೊಬ್ಬರು, ಗದ್ದಲ ಇಷ್ಟವಿಲ್ಲದವರು ಎಲ್ಲಿಂದ ಶುರು ಮಾಡಬೇಕು ಎಂದರು. 'ಪ್ಯಾರನಾಯ್ಡ್' ಆಲ್ಬಂನ 'ಪ್ಲ್ಯಾನೆಟ್ ಕ್ಯಾರವಾನ್' ಕೇಳಿ. ಡ್ರಮ್‌ಗಳ ಆರ್ಭಟವಿಲ್ಲ, ಒರಟು ಗಿಟಾರ್ ಇಲ್ಲ. ಕೊನೆಯ ಒಂದೂವರೆ ನಿಮಿಷ ಅಯೋಮಿ ಜ್ಯಾಝ್ ನುಡಿಸುತ್ತಾನೆ. ಅದಾದ ತಕ್ಷಣ ಜ್ಯಾಂಗೋ ರೈನ್‌ಹಾರ್ಟ್‌ನ ಯಾವುದಾದರೂ ಒಂದು ರೆಕಾರ್ಡ್ ಹಾಕಿ, ಮೇಲಧಿಕಾರಿ ತಂದುಕೊಟ್ಟ ಪಾಠ ಎಲ್ಲಿಯವರೆಗೆ ಹೋಯಿತು ಎಂಬುದು ಗೊತ್ತಾಗುತ್ತದೆ.